ಮೊದಲು ತೂಬು ಮುಚ್ಚಬೇಕು

ಏಪ್ರಿಲ್ ಬಂತೆಂದರೆ ನಮ್ಮ ಮಂಡ್ಯ ಸೀಮೆಯಲ್ಲಿ ಮಕ್ಕಳ ಮೂಗಿನಿಂದ ರಕ್ತ ಬರುವುದು ಮಾಮೂಲು. ಬಿಸಿಲಿಗೆ ಮೂಗಿನ ಒಳಪದರ ಒಣಗುತ್ತದೆ, ಹುಡುಗರು ಬೆರಳು ಹಾಕಿ ಕೆರೆಯುತ್ತಾರೆ, ಅಲ್ಲೊಂದು ಸಣ್ಣ ರಕ್ತನಾಳ ಒಡೆಯುತ್ತದೆ. ಅಂಗಿಯ ಮೇಲೆ ನಾಲ್ಕು ಹನಿ ಬಿದ್ದ ಕೂಡಲೇ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ. ಒಬ್ಬರು ನೆತ್ತಿಗೆ ತಣ್ಣೀರು ತಟ್ಟಿದರೆ ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಅಜ್ಜಿ ಮಾತ್ರ ಕೂತಲ್ಲಿಂದಲೇ, "ಉಷ್ಣ ಆಗೈತೆ, ಎಳನೀರು ಕುಡ್ಸಿ" ಎಂದು ತೀರ್ಪು ಕೊಡುತ್ತಾರೆ. ಎಳನೀರಿನ ಬಗ್ಗೆ ನನ್ನ ತಕರಾರಿಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಕಾಯಿ ಊರೂರಿಗೆ ಹೋಗುವಾಗ ನಮ್ಮ ಮನೆಯ ಹುಡುಗ ಒಂದು ಕುಡಿದರೆ ಯಾರಿಗೆ ನಷ್ಟ? ತಕರಾರಿರುವುದು ತಲೆಯನ್ನು ಹಿಂದಕ್ಕೆ ಬಾಗಿಸಿ ಮಲಗಿಸುವ ಪದ್ಧತಿಯ ಬಗ್ಗೆ. ಹಾಗೆ ಮಾಡಿದರೆ ರಕ್ತ ಗಂಟಲಿಗೆ ಇಳಿದು ಹೊಟ್ಟೆಗೆ ಹೋಗುತ್ತದೆ, ಆಮೇಲೆ ವಾಂತಿಯಾಗುತ್ತದೆ.

ಮಕ್ಕಳೇ, ನೀವೇ ಕಲಿತುಕೊಳ್ಳಿ. ನೆಟ್ಟಗೆ ಕೂರಬೇಕು, ತಲೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು. ಮೂಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು ಬಾಯಲ್ಲಿ ಉಸಿರಾಡಬೇಕು. ಗಡಿಯಾರ ನೋಡಿಕೊಂಡು 10ರಿಂದ 15 ನಿಮಿಷ, ನಡುವೆ ಬಿಟ್ಟು ಬಿಟ್ಟು ನೋಡದೆ. ಬಾಯಿಗೆ ಬಂದ ರಕ್ತವನ್ನು ಉಗಿಯಬೇಕು. ಬಹುಪಾಲು ಇಷ್ಟಕ್ಕೇ ನಿಲ್ಲುತ್ತದೆ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ತಾತಂದಿರಿಗೂ ಇದೇ ಮಾತು. ಅವರು ಅರ್ಧ ಗಂಟೆ ಕಾಯುವುದೂ ಬೇಡ.

ನಾನು ಬ್ಯಾಂಕಿನಲ್ಲಿದ್ದಾಗ ಸಾಯಂಕಾಲ ಲೆಕ್ಕ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ನೂರು ದಿನದಲ್ಲಿ ತೊಂಬತ್ತೊಂಬತ್ತು ದಿನ ಆ ತಪ್ಪು ಸಾಧಾರಣದ್ದೇ ಆಗಿರುತ್ತಿತ್ತು, 69 ಅನ್ನು 96 ಎಂದು ಬರೆದದ್ದು, ಒಂದು ವೋಚರ್ ಮೇಜಿನ ಕೆಳಗೆ ಬಿದ್ದದ್ದು. ನೂರನೆಯ ದಿನದ ತಪ್ಪು ಬೇರೆ. ಅದನ್ನೂ ಮಾಮೂಲೆಂದು ಬದಿಗಿಟ್ಟರೆ ಆಮೇಲೆ ದೊಡ್ಡದಾಗಿ ಎದುರು ನಿಲ್ಲುತ್ತದೆ. ಮೂಗಿನ ರಕ್ತದಲ್ಲೂ ಅಂಥ ನೂರನೆಯ ದಿನವೊಂದಿದೆ. ನೂರನೆಯದೂ ಅಲ್ಲ, ಎಷ್ಟೋ ಸಾವಿರದಲ್ಲಿ ಒಂದು. ಈ ವಾರ ಅದರ ವಿಚಾರ.

ನನ್ನ ಜೊತೆ ಕೆಲಸ ಮಾಡಿದವರೊಬ್ಬರು ಮದ್ದೂರಿನಲ್ಲಿ ನೆಲೆಸಿದ್ದಾರೆ. ಅವರ ಮೊಮ್ಮಗ ಆಗ ಒಂಬತ್ತನೇ ಕ್ಲಾಸು, ವಯಸ್ಸು 14. ಒಂದು ವರ್ಷದಿಂದ ಅವನ ಮೂಗಿನ ಬಲಗಡೆ ಕಟ್ಟಿಕೊಂಡಿತ್ತು. ನೆಗಡಿಯಾದರೆ ಎರಡು ಹೊಳ್ಳೆಯೂ ಕಟ್ಟಬೇಕು, ವಾರದಲ್ಲಿ ಬಿಡಬೇಕು. ಇದು ಒಂದೇ ಕಡೆ, ಬಿಡುವ ಮಾತೇ ಇಲ್ಲ. ರಾತ್ರಿ ಗೊರಕೆ. ಮಾತು ಮೂಗಿನಿಂದ ಬಂದ ಹಾಗೆ. ತಿಂಗಳಿಗೆ ಎರಡು ಮೂರು ಸಲ ಅದೇ ಬಲಗಡೆಯಿಂದ ರಕ್ತ. ಹನಿಹನಿಯಾಗಿ ಬರುತ್ತಿದ್ದುದು ಬರುಬರುತ್ತಾ ಧಾರೆಯಾಗಿ ಬರತೊಡಗಿತು. ನೋವು ಎಳ್ಳಷ್ಟೂ ಇಲ್ಲ. ನೋವಿಲ್ಲದ್ದರಿಂದಲೇ ಮನೆಯವರು ಧೈರ್ಯವಾಗಿದ್ದರು. ಮೊದಲು ಉಷ್ಣ ಎಂದರು, ಆಮೇಲೆ ಅಲರ್ಜಿ ಎಂದರು, ಕೊನೆಗೆ ಯಾರೋ, "ಮೂಗಲ್ಲಿ ದುರ್ಮಾಂಸ ಬೆಳೆದಿದೆ, ಒಂದು ಚೂರು ಕತ್ತರಿಸಿ ತೆಗೆಸಿಬಿಡಿ, ಹತ್ತು ನಿಮಿಷದ ಕೆಲಸ" ಎಂದರು.

ಹುಡುಗನ ಪುಣ್ಯ, ಮಂಡ್ಯದಲ್ಲಿ ತೋರಿಸಿದ ಕಿವಿ-ಮೂಗು-ಗಂಟಲು ಡಾಕ್ಟರು ಅನುಭವಸ್ಥರು. ತುದಿಯಲ್ಲಿ ದೀಪವಿರುವ ಪೆನ್ಸಿಲಿಗಿಂತ ಸಣ್ಣ ಕೊಳವೆ, ಅಂದರೆ ಎಂಡೋಸ್ಕೋಪು, ಅದನ್ನು ಮೂಗಿನೊಳಗೆ ಬಿಟ್ಟು ನೋಡಿದರು. ಸಾಮಾನ್ಯ ದುರ್ಮಾಂಸ ಸುಲಿದ ದ್ರಾಕ್ಷಿಯ ಹಾಗೆ ಬಿಳಿಚಿಕೊಂಡಿರುತ್ತದೆ. ಇಲ್ಲಿ ಕಂಡದ್ದು ನುಣುಪಾದ, ಕೆಂಪು ಬಣ್ಣದ ಗಡ್ಡೆ. ಅವರು ಕೊಳವೆಯನ್ನು ಹೊರಕ್ಕೆ ತೆಗೆದು, "ಇದನ್ನು ನಾನು ಮುಟ್ಟುವುದಿಲ್ಲ. ಬೇರೆ ಯಾರಿಗೂ ಮುಟ್ಟಲು ಬಿಡಬೇಡಿ. ಮೊದಲು ಸ್ಕ್ಯಾನ್ ಆಗಲಿ" ಎಂದರಂತೆ. ನನ್ನ ಸ್ನೇಹಿತರಿಗೆ ಸ್ವಲ್ಪ ಬೇಸರವಾಯಿತು, ಡಾಕ್ಟರು ಕೈಚೆಲ್ಲಿದರು ಎಂದು. ಆ ದಿನ ಮುಟ್ಟದೆ ಬಿಟ್ಟದ್ದೇ ದೊಡ್ಡ ಚಿಕಿತ್ಸೆ ಎಂಬುದು ಅವರಿಗೆ ತಿಳಿದದ್ದು ಬೆಂಗಳೂರಿಗೆ ಹೋದ ಮೇಲೆ.

ಆ ಗಡ್ಡೆಯ ಹೆಸರು ಆಂಜಿಯೋಫೈಬ್ರೋಮ. ಆಂಜಿಯೋ ಎಂದರೆ ರಕ್ತನಾಳ, ಫೈಬ್ರೋಮ ಎಂದರೆ ನಾರಿನ ಗಡ್ಡೆ. ಹರೆಯಕ್ಕೆ ಕಾಲಿಡುವ ಗಂಡುಹುಡುಗರಲ್ಲೇ, ಸುಮಾರು 10ರಿಂದ 20 ವಯಸ್ಸಿನೊಳಗೆ, ಇದು ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳಲ್ಲಿ ಇಲ್ಲವೆಂದೇ ಹೇಳಬಹುದು. ತಲೆ ಮತ್ತು ಕತ್ತಿನಲ್ಲಿ ಬರುವ ಎಲ್ಲ ಗಡ್ಡೆಗಳನ್ನು ಲೆಕ್ಕ ಹಾಕಿದರೂ ಇದು ನೂರಕ್ಕೆ ಒಂದರಷ್ಟೂ ಇಲ್ಲ. ಇದು ಕ್ಯಾನ್ಸರ್ ಅಲ್ಲ, ಮೈಯ ಬೇರೆ ಭಾಗಕ್ಕೆ ಹರಡುವುದಿಲ್ಲ. ಹಾಗೆಂದು ಸಾಧುವೂ ಅಲ್ಲ. ಜಾಗ ಸಿಕ್ಕ ಕಡೆ ನುಗ್ಗುತ್ತದೆ; ಕೆನ್ನೆ ಊದಿಸುತ್ತದೆ, ಕಣ್ಣುಗುಡ್ಡೆಯನ್ನು ಹೊರಕ್ಕೆ ತಳ್ಳುತ್ತದೆ, ಹಾಗೇ ಬಿಟ್ಟರೆ ತಲೆಬುರುಡೆಯ ಒಳಕ್ಕೂ ದಾರಿ ಮಾಡಿಕೊಳ್ಳುತ್ತದೆ.

ಈ ತಲೆಬುರುಡೆಯ ತಳ ಎಂಬುದು ಎಲ್ಲಿದೆ? ನಾಲಿಗೆಯ ತುದಿಯಿಂದ ನಿಮ್ಮ ಅಂಗುಳವನ್ನು ಮುಟ್ಟಿ ನೋಡಿ. ಅದರ ಮೇಲೆ ಮೂಗಿನ ಕೋಣೆ. ಆ ಕೋಣೆಯ ಮೇಲೆ ಮತ್ತು ಹಿಂದೆ ಒಂದು ಮೂಳೆಯ ಹಲಗೆ ಇದೆ. ಮೂಗಿಗೆ ಅದು ಸೂರು, ಮಿದುಳಿಗೆ ಅದು ನೆಲ. ನೆಲವೆಂದರೆ ಗಾರೆ ಹಾಕಿದ ಸಪಾಟು ನೆಲವಲ್ಲ. ಜರಡಿಯ ಹಾಗೆ ಹತ್ತಾರು ತೂತು. ಕಣ್ಣಿನ ನರ, ಮುಖದ ನರ, ನುಂಗುವ ನರ, ಮಾತಿನ ನರ, ಮಿದುಳಿಗೆ ರಕ್ತ ಒಯ್ಯುವ ನಾಳ, ಅಲ್ಲಿಂದ ರಕ್ತ ಇಳಿಸುವ ನಾಳ, ಎಲ್ಲವೂ ಆ ತೂತುಗಳಲ್ಲೇ ಓಡಾಡಬೇಕು. ಹೊರಗಿನಿಂದ ಬೆರಳಿಗೆ ಸಿಗುವ ಜಾಗವಲ್ಲ ಅದು.

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸುವುದು ಸುಲಭ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ಹಳಬರ ಬಾಯಲ್ಲಿ ಇರ್ವಿನ್ ನಾಲೆ, ಹುಲಿಕೆರೆಯಲ್ಲಿ ಸುರಂಗಕ್ಕೆ ಇಳಿದು ನೆಲದಡಿಯಲ್ಲೇ ಹರಿದು ಆಚೆ ಬೆಳಕಿಗೆ ಬರುತ್ತದೆ. ಆಮೇಲೆ ಕವಲೊಡೆದು ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಹೋಗುತ್ತದೆ. ಈಗ ನಿಮ್ಮ ಕತ್ತಿನ ಪಕ್ಕದಲ್ಲಿ, ದವಡೆಯ ಕೆಳಗೆ ಬೆರಳಿಡಿ. ಮಿಡಿಯುತ್ತಿದೆಯಲ್ಲ, ಅದು ದೊಡ್ಡ ನಾಲೆ. ದವಡೆಯ ಹತ್ತಿರ ಅದು ಎರಡಾಗುತ್ತದೆ. ಒಂದು ಕವಲು ಹೊರಗಿನಿಂದಲೇ ಮುಖಕ್ಕೆ, ಮೂಗಿಗೆ, ನೆತ್ತಿಯ ಚರ್ಮಕ್ಕೆ ಹೋಗುತ್ತದೆ. ಇನ್ನೊಂದು ಕಿವಿಯ ಬಳಿಯ ಗಟ್ಟಿ ಮೂಳೆಯೊಳಗಿನ ಸುರಂಗಕ್ಕೆ ಇಳಿದು, ಹುಲಿಕೆರೆಯ ನೀರಿನ ಹಾಗೆ ಕತ್ತಲಲ್ಲಿ ಸಾಗಿ ಮಿದುಳಿಗೂ ಕಣ್ಣಿಗೂ ಹೋಗುತ್ತದೆ. ಹುಡುಗನ ಗಡ್ಡೆ ಮುಖ್ಯವಾಗಿ ಮೊದಲನೆಯ ಕವಲಿನಿಂದ ರಕ್ತ ಕುಡಿಯುತ್ತದೆ. ಬೆಳೆದು ದೊಡ್ಡದಾದರೆ ಎರಡನೆಯದಕ್ಕೂ ಬಾಯಿ ಹಾಕುತ್ತದೆ.

ಗಡ್ಡೆಯಿಂದ ಒಂದು ಚೂರನ್ನು ಕತ್ತರಿಸಿ ಪರೀಕ್ಷೆಗೆ ಕಳಿಸುವುದು ಬೇರೆ ಗಡ್ಡೆಗಳಿಗೆ ಸರಿಯಾದ ಕ್ರಮ. ಇದಕ್ಕೆ ಅದು ಆಗದು. ನಮ್ಮ ಮಾಮೂಲಿ ರಕ್ತನಾಳದ ಗೋಡೆಯಲ್ಲಿ ಸ್ನಾಯುವಿನ ಪದರವಿರುತ್ತದೆ. ಗಾಯವಾದರೆ ಅದು ತಾನೇ ಮುದುಡಿಕೊಂಡು ರಕ್ತ ನಿಲ್ಲಲು ಸಹಾಯ ಮಾಡುತ್ತದೆ. ಈ ಗಡ್ಡೆಯ ನಾಳಗಳಿಗೆ ಆ ಸ್ನಾಯು ಸರಿಯಾಗಿ ಇರುವುದೇ ಇಲ್ಲ. ಕೊಯ್ದರೆ ಮುಚ್ಚಿಕೊಳ್ಳಲು ಗೊತ್ತಿಲ್ಲದ ನಾಳಗಳು ಅವು. 45 ಕೆ.ಜಿ. ತೂಕದ ಹುಡುಗನ ಮೈಯಲ್ಲಿರುವುದು ಹೆಚ್ಚೂಕಡಿಮೆ 3 ಲೀಟರ್ ರಕ್ತ. ಹತ್ತು ನಿಮಿಷದ ಕೆಲಸವೆಂದು ಯಾರಾದರೂ ಕತ್ತರಿ ಹಾಕಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಲು ಬಿ.ಕಾಂ. ಬೇಕಿಲ್ಲ.

ಕತ್ತರಿಸದೆ ಗುರುತು ಹಿಡಿಯುವುದು ಹೇಗೆ? ಚಿತ್ರಗಳಿಂದ. ಮೊದಲು ಸಿ.ಟಿ. ಸ್ಕ್ಯಾನ್. ಇದನ್ನು ಕಂಡುಹಿಡಿದವರು ಗಾಡ್‌ಫ್ರಿ ಹೌನ್ಸ್‌ಫೀಲ್ಡ್, ಹಾಡಿನ ಗ್ರಾಮಫೋನ್ ರೆಕಾರ್ಡುಗಳಿಗೆ ಹೆಸರಾದ ಇ.ಎಂ.ಐ. ಕಂಪನಿಯ ಎಂಜಿನಿಯರು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು, 1979ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಕೈಗೆ ಬಣ್ಣದ ಔಷಧಿಯ ಸೂಜಿ ಕೊಟ್ಟು ಸ್ಕ್ಯಾನ್ ಮಾಡಿದರೆ ರಕ್ತ ತುಂಬಿದ ಗಡ್ಡೆ ಬೆಳ್ಳಗೆ ಹೊಳೆಯುತ್ತದೆ. ಮೂಗಿನ ಪಕ್ಕದ ಗಾಳಿಕೋಣೆಯ ಹಿಂಗೋಡೆಯನ್ನು ಗಡ್ಡೆ ನಿಧಾನವಾಗಿ ಒತ್ತಿ ಒತ್ತಿ ಮುಂದಕ್ಕೆ ಬಾಗಿಸಿರುತ್ತದೆ. ಆ ಬಾಗು ಕಂಡರೆ ವೈದ್ಯರಿಗೆ ಮುಕ್ಕಾಲು ಉತ್ತರ ಸಿಕ್ಕ ಹಾಗೆ. ಮೂಳೆ ಎಷ್ಟು ಸವೆದಿದೆ ಎಂಬುದನ್ನು ಸಿ.ಟಿ. ಹೇಳುತ್ತದೆ. ಮಿದುಳಿನ ಪೊರೆಗೆ, ಕಣ್ಣಿಗೆ ಎಷ್ಟು ಹತ್ತಿರ ಬಂದಿದೆ ಎಂಬುದನ್ನು ಎಂ.ಆರ್.ಐ. ಹೇಳುತ್ತದೆ. ವಯಸ್ಸು, ಗಂಡುಹುಡುಗ, ಒಂದೇ ಹೊಳ್ಳೆ, ಪದೇ ಪದೇ ರಕ್ತ, ಈ ಚಿತ್ರ. ಇಷ್ಟು ತಾಳೆಯಾದರೆ ಚೂರು ಕತ್ತರಿಸುವ ಅಗತ್ಯವೇ ಬೀಳುವುದಿಲ್ಲ.

ಇನ್ನು ನನಗೆ ಬಹಳ ಹಿಡಿಸಿದ ಭಾಗಕ್ಕೆ ಬರುತ್ತೇನೆ. ನಮ್ಮೂರ ಕಡೆ ನೀರುಗಂಟಿ ಎಂದರೆ ಹಿರಿಯರಿಗೆಲ್ಲ ಗೊತ್ತು. ಕೆರೆ, ಕಾಲುವೆಯ ನೀರನ್ನು ಪಾಳಿಯ ಪ್ರಕಾರ ಗದ್ದೆಗೆ ಬಿಡುವವನು. ಯಾವ ತೂಬು ಯಾರ ಗದ್ದೆಗೆ, ಯಾವುದನ್ನು ಮುಚ್ಚಿದರೆ ಎಲ್ಲಿ ಒಣಗುತ್ತದೆ, ಎಲ್ಲವೂ ಅವನ ತಲೆಯಲ್ಲಿ ಇರುತ್ತಿತ್ತು. ನೀರು ತುಂಬಿ ನಿಂತಿರುವಾಗ ಯಾರೂ ಗದ್ದೆಯ ಬದುವನ್ನು ಕಿತ್ತು ಕಟ್ಟುವುದಿಲ್ಲ. ಮೊದಲು ನೀರುಗಂಟಿಗೆ ಹೇಳಿ ತೂಬು ಮುಚ್ಚಿಸಬೇಕು, ಆಮೇಲೆ ಹಾರೆ ಹಿಡಿಯಬೇಕು.

ದೊಡ್ಡಾಸ್ಪತ್ರೆಯಲ್ಲೂ ಅಂಥ ನೀರುಗಂಟಿಯೊಬ್ಬರಿದ್ದಾರೆ. ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ ಎಂದು ಅವರ ಹುದ್ದೆಯ ಹೆಸರು. ಶಸ್ತ್ರಚಿಕಿತ್ಸೆಗೆ ಒಂದೆರಡು ದಿನ ಮೊದಲು ಅವರು ತೊಡೆಯ ಸಂದಿಯ ದೊಡ್ಡ ರಕ್ತನಾಳದೊಳಗೆ ನೂಲಿನಂಥ ಕೊಳವೆಯೊಂದನ್ನು ಬಿಡುತ್ತಾರೆ. ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ಅದನ್ನು ಹೊಟ್ಟೆ, ಎದೆ ದಾಟಿಸಿ ಕತ್ತಿನವರೆಗೆ ಒಯ್ಯುತ್ತಾರೆ. ಬಣ್ಣದ ಔಷಧಿ ಬಿಟ್ಟಾಗ ತಲೆಯ ರಕ್ತನಾಳಗಳೆಲ್ಲ ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಕಾಣುತ್ತವೆ. ಹೀಗೆ ಬಣ್ಣ ಬಿಟ್ಟು ಮಿದುಳಿನ ನಾಳಗಳ ಚಿತ್ರ ತೆಗೆಯುವುದನ್ನು 1927ರಲ್ಲಿ ಮೊದಲು ಸಾಧಿಸಿದವರು ಪೋರ್ಚುಗಲ್ ದೇಶದ ಎಗಾಸ್ ಮೊನಿಜ್. ಗಡ್ಡೆಗೆ ನೀರುಣಿಸುವ ಕವಲು ಯಾವುದೆಂದು ಗೊತ್ತಾದ ಮೇಲೆ ಸಾಸಿವೆಗಿಂತ ಎಷ್ಟೋ ಸಣ್ಣ ಕಣಗಳನ್ನು ಆ ಕವಲಿಗೆ ಬಿಡುತ್ತಾರೆ. ಅವು ಹೋಗಿ ಗಡ್ಡೆಯ ಬಾಯಲ್ಲಿ ಕೂತು ತೂಬು ಮುಚ್ಚುತ್ತವೆ. ಗಡ್ಡೆ ಬಾಡುತ್ತದೆ.

ಕೇಳಲು ಸರಳ. ಆದರೆ ಕಣ ತಪ್ಪಿ ಮಿದುಳಿನ ಕವಲಿಗೆ ಹೋದರೆ ಲಕ್ವ ಹೊಡೆಯಬಹುದು, ಕಣ್ಣಿನ ಕವಲಿಗೆ ಹೋದರೆ ದೃಷ್ಟಿ ಹೋಗಬಹುದು. ಮುಖದ ಕವಲಿಗೂ ಕಣ್ಣಿನ ಕವಲಿಗೂ ನಡುವೆ ಸಣ್ಣ ಸಣ್ಣ ಕಳ್ಳ ಕಾಲುವೆಗಳಿರುತ್ತವೆ. ಅದಕ್ಕೇ ಈ ಕೆಲಸಕ್ಕೆ ಮುಂಚೆ ಮನೆಯವರಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಹಾಕುವ ಮುಂಚೆ ಓದಿ, ಅರ್ಥವಾಗದಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಕೌಂಟರಿನಲ್ಲಿ ಕೂತು ಮೂವತ್ತು ಚಿಲ್ಲರೆ ವರ್ಷ ಸಹಿ ತಾಳೆ ನೋಡಿದವನ ಮಾತು ಇದು: ಓದದೆ ಸಹಿ ಹಾಕುವವರೇ ಜಾಸ್ತಿ.

ತೂಬು ಮುಚ್ಚಿದ ಮೇಲೆ ಹಾರೆ ಹಿಡಿಯುವ ಸರದಿ. ಹಿಂದೆಲ್ಲ ಈ ಗಡ್ಡೆ ತೆಗೆಯಲು ಮೂಗಿನ ಪಕ್ಕದಲ್ಲಿ ಮುಖ ಕೊಯ್ದು, ಇಲ್ಲವೇ ಮೇಲ್ದವಡೆಯನ್ನೋ ಅಂಗುಳವನ್ನೋ ತೆರೆದು ಒಳಹೋಗಬೇಕಿತ್ತು. ಈಗ ಎಷ್ಟೋ ಗಡ್ಡೆಗಳನ್ನು ಮೂಗಿನ ಹೊಳ್ಳೆಯ ಮೂಲಕವೇ ಎಂಡೋಸ್ಕೋಪಿನಿಂದ ತೆಗೆಯುತ್ತಾರೆ, ಮುಖದ ಮೇಲೆ ಗಾಯದ ಗೆರೆಯೂ ಇರುವುದಿಲ್ಲ. ಒಬ್ಬರು ಕೊಳವೆ ಹಿಡಿದು ತೋರಿಸಿದರೆ ಇನ್ನೊಬ್ಬರು ಕತ್ತರಿಸಬೇಕು. ತುಂಬಾ ದೊಡ್ಡ ಗಡ್ಡೆಯಾದರೆ ಹೊರಗಿನ ದಾರಿಯೇ ಬೇಕಾಗುತ್ತದೆ, ಮಿದುಳಿನ ಶಸ್ತ್ರವೈದ್ಯರೂ ಜೊತೆಗಿರುತ್ತಾರೆ. ಮದ್ದೂರಿನ ಹುಡುಗನದು ಮೂಗಿನ ದಾರಿಯಲ್ಲೇ ಮುಗಿಯಿತು. ಆದರೂ ನಾಲ್ಕು ಗಂಟೆಗೂ ಮೀರಿ ಹಿಡಿಯಿತಂತೆ. ರಕ್ತ ಬೇಕಾದೀತೆಂದು ಅವನ ಇಬ್ಬರು ಸೋದರಮಾವಂದಿರು ಹಿಂದಿನ ದಿನವೇ ರಕ್ತ ಕೊಟ್ಟು ಬಂದಿದ್ದರು.

ಗಡ್ಡೆ ಹುಟ್ಟುವ ಜಾಗ ಮೂಗಿನ ಹಿಂಭಾಗದ ಪಕ್ಕದ ಗೋಡೆಯಲ್ಲಿರುವ ಒಂದು ಪುಟ್ಟ ತೂತಿನ ಹತ್ತಿರ. ಅಲ್ಲಿಂದ ಬೇರು ಹಿಂದಿನ ಮೂಳೆಯೊಳಕ್ಕೆ ಇಳಿದಿರುತ್ತದೆ. ಗದ್ದೆಯ ಕೊನ್ನಾರಿ ಗಡ್ಡೆ ಕಿತ್ತವರಿಗೆ ಇದು ಗೊತ್ತು, ಮೇಲಿನ ಹುಲ್ಲು ಕಿತ್ತರೆ ಮತ್ತೆ ಬರುತ್ತದೆ. ಹಾಗಾಗಿ ಆ ಮೂಳೆಯನ್ನೂ ಸಣ್ಣ ಡ್ರಿಲ್ಲಿನಿಂದ ಕೊರೆದು ಬೇರು ತೆಗೆಯುತ್ತಾರೆ. ಆಮೇಲೂ ಕೆಲವು ವರ್ಷ ಕಾಲಕಾಲಕ್ಕೆ ಸ್ಕ್ಯಾನ್ ಮಾಡಿಸಲೇಬೇಕು. ಹುಡುಗ ಈಗ ಪಿ.ಯು.ಸಿ.ಗೆ ಬಂದಿದ್ದಾನೆ. ಸ್ಕ್ಯಾನಿಗೆ ಕರೆದರೆ, "ನಂಗೇನಾಗಿಲ್ಲ ತಾತ" ಎಂದು ತಪ್ಪಿಸಿಕೊಳ್ಳಲು ನೋಡುತ್ತಾನಂತೆ. ತಾತ ಬಿಡುವ ಪೈಕಿಯಲ್ಲ.

ಇಲ್ಲಿಯವರೆಗೆ ಹುಡುಗರ ಕಥೆಯಾಯಿತು. ಅಜ್ಜಿಯರ ಪಾಲಿಗೂ ಇದೇ ಜಾತಿಯ ಇನ್ನೊಂದು ಗಡ್ಡೆ ಇದೆ, ಅದು ತಲೆಬುರುಡೆಯ ತಳದಲ್ಲೇ, ಕಿವಿಯ ಕೆಳಗೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಅದೂ ನಡುವಯಸ್ಸು ದಾಟುವ ಹೊತ್ತಿನಲ್ಲಿ. ಅದರ ಮೊದಲ ಗುರುತು ರಕ್ತವಲ್ಲ, ಸದ್ದು.

ಮಳವಳ್ಳಿಯಲ್ಲಿರುವ ನನ್ನ ಅತ್ತಿಗೆಗೆ 78. ಹಬ್ಬಕ್ಕೆ ಹೋದಾಗ ಹೇಳಿದರು, "ರಾತ್ರಿ ಮನ್ಗುದ್ರೆ ಎಡಗಿವಿ ಒಳ್ಗೆ ಯಾರೋ ಅವಲಕ್ಕಿ ಕುಟ್ಟಂಗಾಯ್ತದೆ ಕಣಪ್ಪ. ನಿಮ್ಮಣ್ಣಂಗೆ ಹೇಳುದ್ರೆ ನಗ್ತಾರೆ." ವಯಸ್ಸಾದವರ ಕಿವಿಯಲ್ಲಿ ಸದ್ದು ಅಪರೂಪವಲ್ಲ. ಜೀರುಂಡೆಯ ಹಾಗೆ, ಸೀಟಿಯ ಹಾಗೆ ಎರಡೂ ಕಿವಿಯಲ್ಲಿ ಒಂದೇ ಸಮನೆ ಕೇಳುವ ಸದ್ದು ಸಾಮಾನ್ಯವಾಗಿ ಕಿವಿ ಮಂದವಾಗುವುದರ ಜೊತೆಗೆ ಬರುವಂಥದ್ದು. ಅವಲಕ್ಕಿ ಕುಟ್ಟುವ ಸದ್ದು ಬೇರೆ, ಅದಕ್ಕೆ ತಾಳವಿದೆ.

ಆ ತಾಳವನ್ನು ಪರೀಕ್ಷೆ ಮಾಡಿದವಳು ಅತ್ತಿಗೆಯ ಮೊಮ್ಮಗಳು, ಏಳನೇ ಕ್ಲಾಸಿನ ಹುಡುಗಿ. ಅಜ್ಜಿಯ ಮಣಿಕಟ್ಟಿನ ನಾಡಿ ಹಿಡಿದು ಕೂತಳು. ಕಿವಿಯಲ್ಲಿ ಸದ್ದು ಕೇಳಿದಾಗಲೆಲ್ಲ ಇನ್ನೊಂದು ಕೈಯಿಂದ ತೊಡೆ ತಟ್ಟಬೇಕೆಂದು ಅಜ್ಜಿಗೆ ಹೇಳಿದಳು. ನಾಡಿಗೂ ತಟ್ಟುವುದಕ್ಕೂ ಸರಿಯಾಗಿ ಹೊಂದಿತು. ನಿಮ್ಮ ಮನೆಯಲ್ಲೂ ಇದನ್ನು ಮಾಡಿ ನೋಡಬಹುದು. ಹೊಂದಿದರೆ ಗಾಬರಿ ಬೇಡ. ರಕ್ತ ಕಡಿಮೆಯಾದರೂ, ರಕ್ತದೊತ್ತಡ ಹೆಚ್ಚಾದರೂ ಹೀಗೆ ಕೇಳಿಸಬಹುದು. ಆದರೆ ಡಾಕ್ಟರಿಗೆ "ಕಿವಿಯಲ್ಲಿ ಸದ್ದು" ಎಂದಷ್ಟೇ ಹೇಳಬೇಡಿ. ಒಂದೇ ಕಿವಿ, ನಾಡಿಯ ತಾಳಕ್ಕೆ ಸರಿಯಾಗಿ, ಎಂದು ಹೇಳಿ. ಆ ಒಂದು ಮಾತಿನಿಂದ ಅವರ ಪರೀಕ್ಷೆಯ ದಾರಿಯೇ ಬದಲಾಗುತ್ತದೆ.

ಅತ್ತಿಗೆಯ ಕಿವಿತಮಟೆಯ ಹಿಂದೆ, ಕೆಳಗಡೆಯಿಂದ ಕೆಂಪಗೆ ಏನೋ ಮೇಲೇಳುತ್ತಿರುವುದು ಡಾಕ್ಟರಿಗೆ ಕಂಡಿತು. ಬೆಟ್ಟದ ಹಿಂದಿನಿಂದ ಸೂರ್ಯ ಹುಟ್ಟುವಂತೆ ಕಾಣುತ್ತದೆಂದು ವೈದ್ಯರ ಪುಸ್ತಕಗಳಲ್ಲೇ ಇದಕ್ಕೆ ಉದಯಸೂರ್ಯನ ಹೋಲಿಕೆ ಇದೆ. ಅದೂ ಚೂರು ಕತ್ತರಿಸಬಾರದ ಗಡ್ಡೆ, ಗ್ಲೋಮಸ್ ಗಡ್ಡೆ. ಕಿವಿಯ ಕೆಳಗೆ ಮಿದುಳಿನಿಂದ ರಕ್ತ ಇಳಿಸುವ ದೊಡ್ಡ ನಾಳದ ಗೋಡೆಯಲ್ಲಿ ರಾಗಿಕಾಳಿಗಿಂತ ಸಣ್ಣ ಬೊಟ್ಟುಗಳು ನಮಗೆಲ್ಲ ಇರುತ್ತವೆ. ಅಮೆರಿಕದ ಸ್ಟೇಸಿ ಗಿಲ್ಡ್ ಅವುಗಳನ್ನು ವಿವರಿಸಿದ್ದು 1941ರಲ್ಲಿ. ಅವೇ ಬೆಳೆದು ಗಡ್ಡೆಯಾಗಬಲ್ಲವು ಎಂದು ನ್ಯೂಯಾರ್ಕಿನ ಹ್ಯಾರಿ ರೋಸನ್‌ವಾಸರ್ ತೋರಿಸಿದ್ದು 1945ರಲ್ಲಿ. ನನಗಿಂತ ತುಸು ಹಳೆಯ ತಿಳಿವಳಿಕೆ, ಅಷ್ಟೇ.

ಕೆಲವು ಮನೆತನಗಳಲ್ಲಿ ಈ ಜಾತಿಯ ಗಡ್ಡೆ ವಂಶದಲ್ಲಿ ಬರುತ್ತದೆ. 2000ದಲ್ಲಿ ಪತ್ತೆಯಾದ ಒಂದು ಜೀನಿನ ನಡತೆ ಬಹಳ ವಿಚಿತ್ರ. ದೋಷ ತಂದೆಯಿಂದ ಬಂದರೆ ಗಡ್ಡೆ ಬರಬಹುದು. ತಾಯಿಯಿಂದ ಬಂದರೆ ಸಾಮಾನ್ಯವಾಗಿ ಬರುವುದಿಲ್ಲ. ವಹಿವಾಟಿಲ್ಲದ ಖಾತೆಯ ಹಾಗೆ ಒಳಗೆ ಸುಮ್ಮನಿರುತ್ತದೆ, ಹಾಗೆ ಪಡೆದ ಮಗನಿಂದ ಮುಂದೆ ಅವನ ಮಕ್ಕಳಿಗೆ ಹೋದರೆ ಮತ್ತೆ ಚಾಲ್ತಿಗೆ ಬರಬಹುದು. ಅಕ್ಕತಂಗಿ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಕತ್ತಿನಲ್ಲಿ ಇಂಥ ಗಡ್ಡೆ ಇತ್ತೇ ಎಂದು ಡಾಕ್ಟರು ಕೇಳುವುದು ಇದಕ್ಕೇ. ಇನ್ನು ಕೆಲವೇ ಕೆಲವು ಗಡ್ಡೆಗಳು ಅಡ್ರಿನಲಿನ್ ಬಗೆಯ ರಸವನ್ನು ರಕ್ತಕ್ಕೆ ಬಿಡುತ್ತವೆ. ತಿಳಿಯದೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಒಮ್ಮೆಗೇ ಮೇಲೇರುತ್ತದೆ, ಆದ್ದರಿಂದ ಮುಂಚೆಯೇ ರಕ್ತ, ಮೂತ್ರ ಪರೀಕ್ಷೆ.

ಈ ಗಡ್ಡೆಯ ಶಸ್ತ್ರಚಿಕಿತ್ಸೆ ಹುಡುಗನದಕ್ಕಿಂತ ಕಠಿಣ. ಮುಖವನ್ನು ಆಡಿಸುವ ನರ ಕಿವಿಯ ಮೂಳೆಯೊಳಗೆ ಅಡ್ಡಲಾಗಿ ಹೋಗುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದ ಊಗೊ ಫಿಶ್ 1970ರ ದಶಕದಲ್ಲಿ ಒಂದು ದಾರಿ ಹುಡುಕಿದರು. ಆ ನರವನ್ನು ಮೂಳೆಯ ಕಾಲುವೆಯಿಂದ ಹುಷಾರಾಗಿ ಬಿಡಿಸಿ, ಮುಂದಕ್ಕೆ ಸರಿಸಿಟ್ಟು, ಹಿಂದಿರುವ ಗಡ್ಡೆಯನ್ನು ತಲುಪುವುದು. ಇಂದಿಗೂ ದೊಡ್ಡ ಗಡ್ಡೆಗಳಿಗೆ ಆ ದಾರಿಯನ್ನೇ ಹಿಡಿಯುತ್ತಾರೆ. ಇಲ್ಲೂ ಮೊದಲು ತೂಬು ಮುಚ್ಚಿಸುತ್ತಾರೆ. ಆದರೆ ರಕ್ತಕ್ಕಿಂತ ಹೆಚ್ಚಿನ ಚಿಂತೆ ನರಗಳದು. ಆ ದೊಡ್ಡ ನಾಳ ಇಳಿಯುವ ತೂತಿನಲ್ಲೇ ನುಂಗುವ, ದನಿ ಕೊಡುವ, ಹೆಗಲೆತ್ತುವ ನರಗಳೂ ಇಳಿಯುತ್ತವೆ. ಗಡ್ಡೆ ಅವುಗಳನ್ನು ತಬ್ಬಿಕೊಂಡಿರುತ್ತದೆ.

ಅತ್ತಿಗೆ ಬೆಂಗಳೂರಿನ ದೊಡ್ಡ ಡಾಕ್ಟರ ಮುಂದೆ ಕೂತು ಎಲ್ಲ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ: "ಆಪ್ರೇಸನ್ ಆದ್ಮೇಲೆ ಮುದ್ದೆ ನುಂಗಕ್ಕೆ ಆಯ್ತದಾ ಸ್ವಾಮಿ?"

ನಾವು ಜೊತೆಯಲ್ಲಿದ್ದವರು ನಕ್ಕೆವು. ಡಾಕ್ಟರು ನಗಲಿಲ್ಲ. "ಅಮ್ಮ, ಕೇಳಬೇಕಾದ್ದನ್ನೇ ಕೇಳಿದಿರಿ" ಎಂದರು. ನುಂಗುವ ನರ ದಿಢೀರೆಂದು ಸೋತರೆ ಹರೆಯದವರ ಇನ್ನೊಂದು ಬದಿಯ ನರ ತಿಂಗಳುಗಳಲ್ಲಿ ಕೆಲಸ ಕಲಿತುಕೊಳ್ಳುತ್ತದೆ, 78ರಲ್ಲಿ ಅದು ಕಷ್ಟ, ಅನ್ನನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು ಎಂದು ವಿವರಿಸಿದರು. ಈ ಗಡ್ಡೆಗಳು ಬಹುಪಾಲು ತೀರಾ ನಿಧಾನವಾಗಿ, ವರ್ಷಕ್ಕೆ ಒಂದು ಮಿಲಿಮೀಟರಿನ ಲೆಕ್ಕದಲ್ಲಿ ಬೆಳೆಯುತ್ತವೆ. ಅತ್ತಿಗೆಯದು ಸಣ್ಣದು. ವರ್ಷಕ್ಕೊಮ್ಮೆ ಎಂ.ಆರ್.ಐ. ಮಾಡಿ ನೋಡೋಣ, ಬೆಳೆಯುತ್ತಿದೆ ಎಂದಾದರೆ ವಿಕಿರಣದಿಂದ ತಡೆಯೋಣ ಎಂದರು. "ಹಂಗಾರೆ ಬುಡಿ, ಕುಟ್ಟುದ್ರೆ ಕುಟ್ಕಳ್ಳಿ" ಎಂದು ಅತ್ತಿಗೆ ಎದ್ದರು.

ಅವರು ಹೇಳಿದ ವಿಕಿರಣದ ಯಂತ್ರದ ಹೆಸರು ಗಾಮಾ ನೈಫ್. ಹೆಸರಿನಲ್ಲಿ ಚಾಕು ಇದೆಯೇ ಹೊರತು ಕೊಯ್ಯುವುದೇನೂ ಇಲ್ಲ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1960ರ ದಶಕದಲ್ಲಿ ರೂಪಿಸಿದ್ದು. ನೂರಾರು ಸಣ್ಣ ಕಿರಣಗಳನ್ನು ಬೇರೆ ಬೇರೆ ದಿಕ್ಕಿನಿಂದ ಒಂದೇ ಬಿಂದುವಿಗೆ ಸೇರಿಸುತ್ತಾರೆ. ದಾರಿಯಲ್ಲಿ ಯಾವುದೂ ಸುಡುವಷ್ಟು ಬಲವಾಗಿರುವುದಿಲ್ಲ, ಸೇರಿದ ಕಡೆ ಬಲ ಬರುತ್ತದೆ. ಗಡ್ಡೆ ಮಾಯವಾಗುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ. ಬೆಂಗಳ���ರಿನ ನಿಮ್ಹಾನ್ಸ್‌ನಲ್ಲಿ ಈ ಯಂತ್ರವಿದೆ. ಅತ್ತಿಗೆಯದೇ ಗಡ್ಡೆ 40ರ ಹೆಂಗಸಿಗೆ, ಅದೂ ದೊಡ್ಡದಾಗಿ ಬಂದಿದ್ದರೆ ಡಾಕ್ಟರ ಸಲಹೆ ಬೇರೆಯೇ ಇರುತ್ತಿತ್ತು. ಹಾಗಾಗಿ ಇದನ್ನು ಓದಿ ನಮ್ಮ ಅತ್ತಿಗೆಯ ತೀರ್ಮಾನವನ್ನು ಯಾರೂ ನಕಲು ಮಾಡಬೇಡಿ.

ಎಲ್ಲಿಗೆ ಹೋಗಬೇಕು ಎಂದು ಪತ್ರ ಬರೆಯುವವರಿಗೆ ಈಗಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲೇ ಎರಡು ವೈದ್ಯಕೀಯ ಕಾಲೇಜುಗಳಿವೆ, ಮಂಡ್ಯದ ಮಿಮ್ಸ್ ಮತ್ತು ಬೆಳ್ಳೂರಿನ ಬಳಿ ಬಿ.ಜಿ. ನಗರದ ಆದಿಚುಂಚನಗಿರಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಮೊದಲ ಪರೀಕ್ಷೆಗೆ ಇವು ಸಾಕು. ಕಿವಿ ಎಷ್ಟು ಕೇಳುತ್ತದೆಂದು ಅಳೆಸಲು, ಶಸ್ತ್ರಚಿಕಿತ್ಸೆಯ ನಂತರ ನುಂಗುವುದನ್ನೂ ದನಿಯನ್ನೂ ಮತ್ತೆ ಕಲಿಸಲು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಇಷ್ಟು ಹತ್ತಿರ ಇಂಥ ಸಂಸ್ಥೆ ಇರುವುದು ನಮ್ಮವರಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಶಸ್ತ್ರಚಿಕಿತ್ಸೆ ಮಾತ್ರ ತೂಬು ಮುಚ್ಚುವವರು, ಮೂಗು-ಕಿವಿಯವರು, ಮಿದುಳಿನವರು ಮೂವರೂ ಒಂದೇ ಸೂರಿನಡಿ ಇರುವ ಕಡೆ ಆಗಬೇಕು. "ಈ ಗಡ್ಡೆಯನ್ನು ಇಲ್ಲಿ ಹಿಂದೆ ಮಾಡಿದ್ದೀರಾ, ಎಷ್ಟು?" ಎಂದು ಕೇಳಲು ಸಂಕೋಚಪಡಬೇಡಿ. ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ. ಖರ್ಚಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಇದೆ. ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ, ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಕೊನೆಯದಾಗಿ ಕಾಗದಪತ್ರದ ವಿಷಯ, ಇದು ನನ್ನ ಕಸುಬು. ಹಳೆಯ ಸ್ಕ್ಯಾನನ್ನು ಹೊಸದರ ಪಕ್ಕ ಇಟ್ಟು ನೋಡಿದರೆ ಮಾತ್ರ ಗಡ್ಡೆ ಬೆಳೆದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಫಿಲ್ಮನ್ನು ಮಡಚಬೇಡಿ, ಬೀರುವಿನ ಮೇಲೆ ಬಿಸಿಲಿಗೆ ಇಡಬೇಡಿ. ಸಿ.ಡಿ.ಯನ್ನು ಕೇಳಿ ಪಡೆದುಕೊಳ್ಳಿ. ಒಂದು ಉದ್ದ ನೋಟ್‌ಪುಸ್ತಕದಲ್ಲಿ ತಾರೀಖು, ಯಾವ ಕಡೆ, ಎಷ್ಟು ಹೊತ್ತು ರಕ್ತ ಬಂತು, ಸದ್ದು ಕೇಳಿತು ಎಂದು ಬರೆದಿಡಿ. ಅತ್ತಿಗೆಯ ಪುಸ್ತಕವನ್ನು ಬರೆಯುವುದು ಆ ಏಳನೇ ಕ್ಲಾಸಿನ ಮೊಮ್ಮಗಳೇ. ಡಾಕ್ಟರು ಅದನ್ನು ನೋಡಿ, ಯಾರು ಬರೆದದ್ದು ಎಂದು ಕೇಳಿದರು. ಪ್ರತಿ ಪುಟದಲ್ಲೂ ಎಡಗಡೆ ನಾಡಿ, ಬಲಗಡೆ ಕಿವಿಯ ಸದ್ದು, ಕೆಳಗೆ ಮೊತ್ತ ಹಾಕಿ ಗೆರೆ ಎಳೆದಿದ್ದಾಳೆ. ಮೊತ್ತ ಯಾಕೆ ಹಾಕಿದೆಯೇ ಎಂದರೆ, "ನೀವು ಹಂಗೇ ಹಾಕ್ತೀರಲ್ಲ ಚಿಕ್ಕತಾತ" ಎನ್ನುತ್ತಾಳೆ.